ಒಂದು ರಂಗೋಲಿ, ಆರು ಪಾಲು

ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಹದಿನಾರು ವಾರಗಳ ಇಂಟರ್ನ್‌ಶಿಪ್ ನಡೆಯಿತು. ನನಗೆ ಸಿಕ್ಕಿದ್ದು ಏಳನೇ ತರಗತಿಯ ಗಣಿತ. ಹಾಜರಿ ಪುಸ್ತಕದಲ್ಲಿ 34 ಹೆಸರುಗಳು. ದಿನವೂ ಬರುತ್ತಿದ್ದವರು ಮೂವತ್ತರ ಆಸುಪಾಸು. ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ ಎಂದು ಮೊದಲ ವಾರವೇ ಕೇಳಿ ಪಟ್ಟಿ ಮಾಡಿಕೊಂಡೆ. ಕನ್ನಡ, ತಮಿಳು, ತೆಲುಗು, ಉರ್ದು, ಹಿಂದಿ, ಮೈಥಿಲಿ, ಒಡಿಯಾ ಎಂದು ಏಳು ಭಾಷೆಗಳಾದವು. ಕನ್ನಡ ಎಂದವರಲ್ಲೂ ಅರ್ಧದಷ್ಟು ಮಕ್ಕಳು ಯಾದಗಿರಿ, ರಾಯಚೂರು ಕಡೆಯವರು. ಅವರ ‘ರೀ’ ಕೇಳಿದರೆ ದಾಸರಹಳ್ಳಿ ಕಡೆಯ ಮಕ್ಕಳಿಗೆ ನಗು.

1970ರ ದಶಕದಿಂದ ಬೆಳೆಯುತ್ತಾ ಬಂದ ಈ ಕೈಗಾರಿಕಾ ಪ್ರದೇಶಕ್ಕೆ ಕೆಲಸ ಹುಡುಕಿಕೊಂಡು ಬರುವವರು ಹೆಚ್ಚಾದಂತೆ ಸುತ್ತಲಿನ ಶಾಲೆಗಳ ಬೆಂಚುಗಳೂ ಬದಲಾಗಿವೆ. ಲೇತ್ ನಡೆಸುವವರು, ಪೌಡರ್ ಕೋಟಿಂಗ್ ಮಾಡುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಕಟ್ಟಡ ಕೆಲಸದವರು, ಇವರೆಲ್ಲರ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಆದರೆ ಕೂರುವುದು ಭಾಷೆಗೊಂದು ಬೆಂಚಿನಂತೆ. ಯಾರೂ ಹಾಗೆ ಕೂರಿಸಿದ್ದಲ್ಲ, ಅವರಾಗಿಯೇ ಕೂತದ್ದು.

ಹಿಂದಿನ ಸಾಲಿನಲ್ಲಿ ಬಿಹಾರದ ಮಧುಬನಿ ಜಿಲ್ಲೆಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಜುಲೈನಲ್ಲಿ ಸೇರಿದವಳು. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಾಗಾಗಿ ಹನ್ನೆರಡು ವರ್ಷದ ಅವಳು ನೇರ ಏಳನೇ ತರಗತಿಗೆ ಬಂದಳು. ಅವಳ ನೋಟ್ ಪುಸ್ತಕ ತರಗತಿಯಲ್ಲೇ ಅತ್ಯಂತ ಅಚ್ಚುಕಟ್ಟಾದದ್ದು. ಹಲಗೆಯ ಮೇಲಿನ ಕನ್ನಡವನ್ನು ಒತ್ತು, ದೀರ್ಘ ಒಂದೂ ಬಿಡದೆ ಬರೆದುಕೊಳ್ಳುತ್ತಿದ್ದಳು. ಓದು ಎಂದರೆ ತಲೆ ತಗ್ಗಿಸುತ್ತಿದ್ದಳು. ಅವಳು ಅಕ್ಷರಗಳನ್ನು ಬರೆಯುತ್ತಿರಲಿಲ್ಲ, ಚಿತ್ರದಂತೆ ಬಿಡಿಸುತ್ತಿದ್ದಳು. ಉಳಿದ ಮಕ್ಕಳು ಅವಳನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ; ‘ಏ ಹಿಂದಿ’ ಎನ್ನುತ್ತಿದ್ದರು. ಅವಳ ಮನೆಮಾತು ಹಿಂದಿಯಲ್ಲ, ಮೈಥಿಲಿ ಎಂಬುದು ಆ ಬೆಂಚಿನವರಿಗೂ ಗೊತ್ತಿರಲಿಲ್ಲ.

ಸಮಮಿತಿ ಪಾಠಕ್ಕೆ ಯೋಜನೆ ಬರೆಯುವಾಗ ರಂಗೋಲಿಯನ್ನು ಆರಿಸಿಕೊಂಡೆ. ನಾನು ಸಾಗರದ ಕಡೆಯವನು. ದೀವರ ಮನೆಗಳ ಹಸೆ ಚಿತ್ತಾರ ನೋಡಿ ಬೆಳೆದವನು. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿ ನಾರಿನ ಕುಂಚದಿಂದ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆಯುವುದನ್ನು ಕಂಡಿದ್ದೇನೆ. ನೆಲದ ಮೇಲೆ, ಗೋಡೆಯ ಮೇಲೆ ಹಿಟ್ಟಿನಲ್ಲಿ ಚಿತ್ರ ಬರೆಯುವ ರೂಢಿ ಈ ಮಕ್ಕಳ ಊರುಗಳಲ್ಲೂ ಇದೆ. ತಮಿಳರಿಗೆ ಕೋಲಂ, ತೆಲುಗರಿಗೆ ಮುಗ್ಗು. ಒಡಿಶಾದಲ್ಲಿ ಝೋಟಿ, ಅಂದರೆ ನೆನೆಸಿ ರುಬ್ಬಿದ ಅಕ್ಕಿಯಲ್ಲಿ ಬೆರಳದ್ದಿ ಬಿಡಿಸುವುದು. ಮಿಥಿಲೆಯಲ್ಲಿ ನೆಲದ ಚಿತ್ರಕ್ಕೆ ಅರಿಪನ ಎನ್ನುತ್ತಾರೆ. ನಾವು ಮಧುಬನಿ ಚಿತ್ರ ಎಂದು ಕರೆಯುವುದು ಮೂಲದಲ್ಲಿ ಅಲ್ಲಿನ ಹೆಂಗಸರು ಮನೆಯ ಗೋಡೆಗೆ ಬರೆಯುತ್ತಿದ್ದದ್ದು. 1960ರ ದಶಕದ ಬರಗಾಲದಲ್ಲಿ ಅವರಿಗೆ ಆದಾಯವಾಗಲೆಂದು ಪುಪುಲ್ ಜಯಕರ್ ಅವರು ಕಲಾವಿದ ಭಾಸ್ಕರ ಕುಲಕರ್ಣಿಯವರನ್ನು ಅಲ್ಲಿಗೆ ಕಳಿಸಿದರು. ಕಾಗದದ ಮೇಲೆ ಬರೆದು ಮಾರುವುದು ಆಗ ಬಲವಾಯಿತು.

ರಾಜ್ಯಕ್ಕೊಂದು ಗುಂಪು ಮಾಡಿ ‘ನಿಮ್ಮ ಸಂಸ್ಕೃತಿ ತೋರಿಸಿ’ ಎನ್ನುವುದು ಸುಲಭದ ದಾರಿ. ಆದರೆ ಹಾಗೆ ಮಾಡಿದರೆ ಮಕ್ಕಳು ಈಗಾಗಲೇ ಕೂತಿರುವ ಬೆಂಚುಗಳನ್ನೇ ಅಂಗಳಕ್ಕೆ ತಂದಿಟ್ಟಂತೆ. ನಾನು ಗಣಿತದ ನಿಯಮವನ್ನೇ ಆಟದ ನಿಯಮವಾಗಿ ಇಟ್ಟೆ. ಎಲ್ಲ ಭಾಷೆಯವರೂ ಬೆರೆತ ಆರು ಗುಂಪು. ಒಂದೇ ರಂಗೋಲಿಗೆ ಆರು ಪಾಲು. ಒಂದು ಪಾಲಿನಲ್ಲಿ ಏನು ಬಂದರೂ ಉಳಿದ ಐದರಲ್ಲೂ ಅದು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಬರಬೇಕು. ಚಿತ್ರ ತಂದವರೇ ಉಳಿದವರಿಗೆ ಕಲಿಸಬೇಕು. ಬಿ.ಇಡಿ. ಓದುವವರಿಗೆ ಇದರ ನೆಂಟಸ್ತಿಕೆ ತಿಳಿದೀತು. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ ಬಿಳಿಯ, ಕಪ್ಪು, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ತರಗತಿಗೆ ಬಂದು ಜಗಳಗಳಾದಾಗ, ಎಲಿಯಟ್ ಆರನ್ಸನ್ ಪಾಠವನ್ನು ತುಂಡು ಮಾಡಿ ಮಗುವಿಗೊಂದು ತುಂಡು ಕೊಟ್ಟರು. ಅದೇ ‘ಜಿಗ್‌ಸಾ’ ವಿಧಾನ. ಒಬ್ಬರ ತುಂಡು ಇಲ್ಲದೆ ಇನ್ನೊಬ್ಬರ ಪಾಠ ಪೂರ್ತಿಯಾಗದು.

‘ರಂಗೋಲಿ ಹುಡ್ಗೀರ್ ಕೆಲ್ಸ ಸಾರ್’ ಎಂದು ಹುಡುಗರ ತಕರಾರು. ಅದಕ್ಕೆ ಉತ್ತರ ಬಂದದ್ದು ಅವರಲ್ಲೇ ಒಬ್ಬನಿಂದ. ನೆಲದ ಮೇಲೆ ಸಮವಾಗಿ ಆರು ಪಾಲು ಮಾಡುವುದು ಹೇಗೆ ಎಂದು ಕೇಳಿದೆ. ಧರ್ಮಪುರಿ ಕಡೆಯ ಹುಡುಗನೊಬ್ಬ ಎದ್ದು ಬಂದ. ಅವನಪ್ಪ ಒಂದು ಮೆಷಿನ್ ಶಾಪಿನಲ್ಲಿ ಕೆಲಸ ಮಾಡುತ್ತಾರೆ. ಫ್ಲೇಂಜ್‌ಗೆ ಆರು ತೂತು ಕೊರೆಯುವ ಮೊದಲು ಗುರುತು ಹಾಕುವುದನ್ನು ಅವನಿಗೆ ಮನೆಯಲ್ಲಿ ಸೀಮೆಸುಣ್ಣದಿಂದ ತೋರಿಸಿದ್ದರಂತೆ. ಹಗ್ಗದ ಒಂದು ತುದಿ ಒತ್ತಿ ಹಿಡಿದು ಸುತ್ತು ಹಾಕಿದ. ಅದೇ ಹಗ್ಗವನ್ನು ಅಂಚಿನ ಮೇಲೆ ಇಟ್ಟು ಗುರುತು ಮಾಡುತ್ತಾ ಹೋದ. ಆರನೆಯ ಹೆಜ್ಜೆಗೆ ಹಗ್ಗ ಹೊರಟಲ್ಲಿಗೇ ಬಂದು ನಿಂತಿತು. ಆಮೇಲೆ ಹುಡುಗರು ತಕರಾರು ತೆಗೆಯಲಿಲ್ಲ.

ಚುಕ್ಕಿ ಇಡುವ ಲೆಕ್ಕ ಹೆಣ್ಣುಮಕ್ಕಳಿಗೆ ಗೊತ್ತಿತ್ತು: ನಡುವಿನ ಸಾಲಿಗೆ 13, ಅಲ್ಲಿಂದ ಎರಡೂ ಕಡೆ ಸಂದಿಗೆ ಚುಕ್ಕಿ ಇಡುತ್ತಾ 7ರವರೆಗೆ. ಒಟ್ಟು ಎಷ್ಟು? ಒಬ್ಬರು ಎಣಿಸಿದರು, ಇನ್ನೊಬ್ಬರು ಕೂಡಿದರು, 127 ಬಂತು. ನಟ್ಟನಡುವಿನ ಒಂದನ್ನು ಬಿಟ್ಟರೆ 126, ಪಾಲಿಗೆ 21. ಮೂವತ್ತು ಸೆಂಟಿಮೀಟರ್ ಸ್ಕೇಲಿನ ಅಂತರದಲ್ಲಿ ಚುಕ್ಕಿ ಇಟ್ಟಾಗ ಪ್ರಾರ್ಥನೆಯ ಅಂಗಳದಲ್ಲಿ ಮೂರೂವರೆ ಮೀಟರಿಗಿಂತ ಅಗಲದ ಷಡ್ಭುಜ ಸಿದ್ಧವಾಯಿತು.

ಇನ್ನು ಚಿತ್ರಗಳು. ಯಾದಗಿರಿಯ ಹುಡುಗಿ, ‘ನಾ ಎತ್ತು ತೆಗೀತೀನ್ರಿ ಸರ್. ಮಣ್ಣೆತ್ತಿನ ಅಮಾಸಿಗೆ ನಮ್ಮೂರಾಗ ಮಾಡ್ತೀವಲ್ರಿ, ಅಂಥಾದ್ದು’ ಎಂದಳು. ಉರ್ದು ಮನೆಮಾತಿನವಳು ಮೆಹಂದಿಯ ಮಾವಿನಕಾಯಿ ಕೊಟ್ಟಳು. ಒಡಿಶಾದ ಹುಡುಗ ಭತ್ತದ ಸಿವುಡು ಬಿಡಿಸಿದ. ಧರ್ಮಪುರಿಯವನ ಅಕ್ಕ ಚುಕ್ಕಿಗಳ ಸುತ್ತ ಬಳಸಿ ಬರುವ ಎಳೆಯನ್ನು ಕಾಗದದ ಮೇಲೆ ಬರೆದು ಕಳಿಸಿದ್ದಳು. ದಾಸರಹಳ್ಳಿಯ ಒಬ್ಬ ಹುಡುಗ ಮಾತ್ರ ಸುಮ್ಮನಿದ್ದ. ‘ನಮ್ದೇನೂ ಇಲ್ಲ ಸಾರ್, ನಾವು ಇಲ್ಲೇನವ್ರು.’ ಬೇರೆ ಊರಿನಿಂದ ಬಂದವರಿಗಷ್ಟೇ ತೋರಿಸಲು ಏನಾದರೂ ಇರುತ್ತದೆ ಎಂಬ ಭಾವನೆ ಆ ಮಾತಿನಲ್ಲಿತ್ತು. ಸ್ವಲ್ಪ ಹೊತ್ತಾದ ಮೇಲೆ ಜೇಬಿನಿಂದ, ದಾರಿಯಲ್ಲಿ ಸಿಕ್ಕಿದ್ದೆಂದು, ಒಂದು ಕಬ್ಬಿಣದ ನಟ್ಟು ತೆಗೆದು ತೋರಿಸಿದ. ಆರು ಮೂಲೆಯ ನಟ್ಟು. ಅದು ರಂಗೋಲಿಯ ನಡುವೆ ಕೂತಿತು.

ಮಧುಬನಿಯ ಹುಡುಗಿ ಕೊನೆಗೆ ಬಂದು ಮಾತಿಲ್ಲದೆ ಮೀನು ಬರೆದಳು. ಮೊದಲು ಕಣ್ಣು, ಆಮೇಲೆ ಜೋಡಿ ಗೆರೆಯ ಮೈ, ಆ ಎರಡು ಗೆರೆಗಳ ನಡುವೆ ಒತ್ತೊತ್ತಾಗಿ ಸಣ್ಣ ಅಡ್ಡಗೆರೆಗಳು. ಬರಿಗೆರೆಗಳಿಂದ ತುಂಬುವ ಈ ಕ್ರಮಕ್ಕೆ ಅಲ್ಲಿ ಕಚ್ನಿ ಎನ್ನುತ್ತಾರೆ. ಐದು ಚಿತ್ರಗಳಲ್ಲಿ ಕಷ್ಟದ್ದು ಅದೇ. ನಿಯಮದ ಪ್ರಕಾರ ಐದು ಗುಂಪುಗಳೂ ಅವಳ ಹತ್ತಿರ ಬರಲೇಬೇಕಾಯಿತು.

ಕಲಿಸಲು ಮಾತು ಬೇಕಲ್ಲ. ಅವಳು ತೋರಿಸಿದಳು, ಉಳಿದವರು ಹೆಸರು ಹೇಳಿದರು: ಕಣ್ಣು, ಬಾಲ, ರೆಕ್ಕೆ, ಇನ್ನೂ ಸಣ್ಣದು, ಇಲ್ಲಿಂದ ತಿರುಗಿಸು. ಅವಳು ಮೀನಿಗೆ ‘ಮಾಛ’ ಎಂದಾಗ ಒಡಿಶಾದ ಹುಡುಗ ಥಟ್ಟನೆ ತಲೆಯೆತ್ತಿದ. ಅವನ ಮನೆಯಲ್ಲೂ ಅದು ಮಾಛವೇ. ಇಬ್ಬರೂ ಜುಲೈನಿಂದ ಒಂದೇ ಕೋಣೆಯಲ್ಲಿದ್ದರು. ಹಲಗೆಯ ಮೇಲೆ ಎಲ್ಲರ ಮಾತನ್ನೂ ಬರೆದೆ: ಮೀನು, ಮೀನ್, ಚೇಪ, ಮಛಲಿ, ಮಾಛ, ಮಾಛ. ಕನ್ನಡ, ತಮಿಳು ಮಕ್ಕಳು ತಮ್ಮ ಎರಡನ್ನು ನೋಡಿಕೊಂಡು ನಕ್ಕರು. ಆ ದಿನ ಅವಳು ‘ಮೀನು’ ಎಂಬುದನ್ನು ಬಿಡಿಸಲಿಲ್ಲ, ಓದಿದಳು.

ಮೀನು ಯಾವ ಕಡೆ ಮುಖ ಮಾಡಬೇಕು ಎಂಬುದರ ಮೇಲೆ ದೊಡ್ಡ ಚರ್ಚೆಯಾಯಿತು. ಎದುರುಬದುರು ನಿಲ್ಲಿಸಿದರೆ ಮೂರು ಮೀನುಗಳನ್ನು ತಿರುವಿ ಬರೆಯಬೇಕು. ಒಂದರ ಹಿಂದೆ ಒಂದು ಸುತ್ತುವಂತೆ ಬರೆದರೆ ಎಲ್ಲರೂ ಒಂದೇ ಮೀನನ್ನು ಕಲಿತರೆ ಸಾಕು. ಸುತ್ತುವುದೇ ಗೆದ್ದಿತು. ನನ್ನ ಪಾಠಕ್ಕೆ ಬೇಕಾದ್ದು ಅಲ್ಲಿಯೇ ಸಿಕ್ಕಿತು. ಬರೀ ಚುಕ್ಕಿಗಳಿಗೆ ಆರು ಸಮಮಿತಿ ರೇಖೆಗಳಿದ್ದವು. ಮೀನು ಬಂದ ಮೇಲೆ ಒಂದೂ ಉಳಿಯಲಿಲ್ಲ. ಆದರೆ 60 ಡಿಗ್ರಿ ತಿರುಗಿಸಿದಾಗಲೆಲ್ಲ ಚಿತ್ರ ಹಾಗೆಯೇ ಕಾಣುತ್ತದೆ. ಕನ್ನಡಿಯ ಸಮಮಿತಿಗೂ ತಿರುಗುವ ಸಮಮಿತಿಗೂ ಇರುವ ವ್ಯತ್ಯಾಸವನ್ನು ಮಕ್ಕಳು ತಮ್ಮ ಕಾಲ ಕೆಳಗೇ ಕಂಡರು. ಘಟಕ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಹಲವರು ಮೀನು ಬರೆದೇ ಉತ್ತರಿಸಿದರು.

ಈ ಕೆಲಸಕ್ಕೆ ನಾಲ್ಕು ಅವಧಿ ಮತ್ತು ಒಂದು ‘ಸಂಭ್ರಮ ಶನಿವಾರ’ ಹಿಡಿಯಿತು. ಸೋಮವಾರ ಬೆಳಿಗ್ಗೆ ಅಂಗಳ ಗುಡಿಸಿದರು, ರಂಗೋಲಿ ಹೋಯಿತು. ಬೆಂಚುಗಳು ಪೂರ್ತಿ ಬೆರೆತುಬಿಟ್ಟವು ಎಂದು ಬರೆದರೆ ಸುಳ್ಳಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಬಹುತೇಕ ಹಳೆಯ ಗುಂಪುಗಳೇ ಕೂರುತ್ತಿದ್ದವು. ಬದಲಾದದ್ದು ಎರಡು. ಆ ಹುಡುಗಿಗೆ ತರಗತಿಯಲ್ಲಿ ಹೆಸರು ಬಂತು. ಮತ್ತು ಯಾದಗಿರಿಯ ಹುಡುಗಿ ಬಿಡುವಿನಲ್ಲಿ ಅವಳ ಪಕ್ಕ ಕೂತು ಕನ್ನಡ ಪಾಠ ಓದಿಸತೊಡಗಿದಳು. ತನ್ನ ‘ರೀ’ಗೆ ನಗದೆ ಕೇಳುವ ಗೆಳತಿ ಅವಳಿಗೂ ಬೇಕಾಗಿತ್ತು ಎಂದು ಕಾಣುತ್ತದೆ.

ದೀಪಾವಳಿಯ ಹೊತ್ತಿಗೆ ಮಧುಬನಿಯ ಹುಡುಗಿ ಮನೆಯವರೊಂದಿಗೆ ಛಠ್ ಹಬ್ಬಕ್ಕೆಂದು ಊರಿಗೆ ಹೋದಳು, ಮರಳಿ ಬರಲಿಲ್ಲ. ಬಾಡಿಗೆ ಮನೆ ಖಾಲಿಯಾಗಿದೆ ಎಂದು ಮಾರ್ಗದರ್ಶಕ ಶಿಕ್ಷಕಿ ವಿಚಾರಿಸಿಕೊಂಡು ಬಂದು ಹೇಳಿದರು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ದಿನವೂ ಗೈರುಹಾಜರಿಯ ಗುರುತು ಬೀಳುತ್ತಾ ಹೋಯಿತು. ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಶಾಲೆಯೂ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಕಾಯ್ದೆ ಹೇಳುತ್ತದೆ. ಎಲ್ಲಿಯಾದರೂ ಸೇರಿದ್ದಾಳೆಯೇ ಎಂದು ಹೇಳುವವರಿರಲಿಲ್ಲ. ಪೀಣ್ಯದ ಶಾಲೆಗಳಲ್ಲಿ ಇದು ಹೊಸದಲ್ಲ. ಕೆಲಸ ಮುಗಿದ ಕಡೆಯಿಂದ ಕೆಲಸವಿರುವ ಕಡೆಗೆ ಮನೆಗಳು ಹೊರಡುತ್ತವೆ, ಮಕ್ಕಳೂ ಹೊರಡುತ್ತಾರೆ. ನಾವು ಮಾಡುವ ಯಾವ ಚಟುವಟಿಕೆಯೂ ಅದನ್ನು ತಡೆಯದು.

ನವೆಂಬರ್ ಕೊನೆಯ ವಾರ ಶಾಲೆಯ ರಾಜ್ಯೋತ್ಸವಕ್ಕೆ ಅದೇ ರಂಗೋಲಿ ಹಾಕುತ್ತೇವೆ ಎಂದು ಮಕ್ಕಳೇ ಕೇಳಿದರು. ‘ಕನ್ನಡದ ಹಬ್ಬಕ್ಕೆ ಬಿಹಾರದ ಮೀನು ಯಾಕೆ?’ ಎಂದು ಹಿರಿಯರೊಬ್ಬರು ಕೇಳಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ದಾಸರಹಳ್ಳಿಯ ಹುಡುಗ, ‘ಅದು ನಮ್ ಕ್ಲಾಸಿನ್ ಮೀನು ಸಾರ್’ ಎಂದ. ಅವರು ನಕ್ಕು ಸುಮ್ಮನಾದರು. ಮೀನು ಬರೆಯಲು ಯಾರೂ ತಡವರಿಸಲಿಲ್ಲ. ಆರು ಗುಂಪಿನಲ್ಲೂ ಅದು ಬಲ್ಲ ಕೈಗಳಿದ್ದವು, ಎಲ್ಲರೂ ಕಣ್ಣಿನಿಂದಲೇ ಶುರುಮಾಡಿದರು. ಅವಳಿದ್ದ ಗುಂಪಿನ ಪಾಲಿಗೆ ಯಾದಗಿರಿಯ ಹುಡುಗಿ ಬರೆದಳು. ಒಬ್ಬಳೇ ಬಲ್ಲದ್ದಾಗಿ ಉಳಿದಿದ್ದರೆ ಆ ಮೀನು ಅವಳೊಂದಿಗೇ ಊರಿಗೆ ಹೋಗುತ್ತಿತ್ತು.

ಮುಂದಿನ ತಂಡದ ಗೆಳೆಯರಿಗೆ ಕೆಲವು ಮಾತು. ಚಿತ್ರವನ್ನು ಕೇಳುವಾಗ ‘ನಿಮ್ಮ ರಾಜ್ಯದ್ದು ಏನು?’ ಎನ್ನಬೇಡಿ, ‘ನಿಮ್ಮ ಮನೆಯಲ್ಲಿ ಯಾರು ಏನು ಬರೆಯುತ್ತಾರೆ?’ ಎಂದು ಕೇಳಿ. ಆಗ ನಟ್ಟು ತಂದವನಿಗೂ ಜಾಗವಿರುತ್ತದೆ. ನಿಯಮ ನಿಮ್ಮದಾಗಿರದೆ ವಿಷಯದ್ದಾಗಿರಲಿ. ಆರು ಪಾಲೂ ಒಂದೇ ಆಗಬೇಕು ಎಂದದ್ದು ಗಣಿತವಾದ್ದರಿಂದ, ಇನ್ನೊಬ್ಬರ ಬಳಿ ಹೋಗಿ ಕಲಿಯುವುದಕ್ಕೆ ಯಾರಿಗೂ ಅವಮಾನವೆನಿಸಲಿಲ್ಲ. ನಿಮಗೆ ರಂಗೋಲಿ ಬಾರದಿದ್ದರೆ ಚಿಂತೆಯಿಲ್ಲ, ನನಗೂ ಬರುತ್ತಿರಲಿಲ್ಲ.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಅಂಕಣವಿದೆ. ಅಲ್ಲಿ ನಾವು ಸಾಮಾನ್ಯವಾಗಿ ಹಿಂದಿನ ಪಾಠದ ಹೆಸರು ಬರೆಯುತ್ತೇವೆ. ಈ ಶಾಲೆಯಲ್ಲಿ ನಾನು ಬರೆದ ಕೊನೆಯ ಕೆಲವು ಯೋಜನೆಗಳಲ್ಲಿ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಈ ಮಕ್ಕಳ ಕೈಗೆ ಈಗಾಗಲೇ ಏನು ಬರುತ್ತದೆ. ಅದನ್ನು ತುಂಬಲು ಮಕ್ಕಳೊಂದಿಗೆ ಒಂದು ವಾರವಾದರೂ ಕೂರಬೇಕಾಗುತ್ತದೆ.