ದೇವನಹಳ್ಳಿಯಿಂದ ಬಜ್ಪೆಗೆ: ಇಪ್ಪತ್ತಮೂರು ನಿಮಿಷದ ಲೆಕ್ಕ

ಗೋಡೆಯ ಮೇಲಿನ ಕರ್ನಾಟಕದ ನಕ್ಷೆಯಲ್ಲಿ ದೇವನಹಳ್ಳಿಗೂ ಬಜ್ಪೆಗೂ ಒಂದು ದಾರ ಹಿಡಿಯಿರಿ. ಅದು ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಓಡಿ, ಬೇಲೂರು, ಮೂಡಿಗೆರೆಗಳ ತುಸು ದಕ್ಷಿಣಕ್ಕೆ ಹಾದು ಘಟ್ಟ ಇಳಿಯುತ್ತದೆ. ಬೆಂಗಳೂರು ಮತ್ತು ಮಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 306 ಕಿ.ಮೀ. ಜೆಟ್ ವಿಮಾನದ ವೇಗ ಗಂಟೆಗೆ 800 ಕಿ.ಮೀ. ಎಂದಿಟ್ಟುಕೊಂಡರೆ ಹೈಸ್ಕೂಲಿನ ಯಾವ ವಿದ್ಯಾರ್ಥಿಯಾದರೂ ಉತ್ತರ ಹೇಳಿಯಾನು: 23 ನಿಮಿಷ. ಆದರೆ ಟಿಕೆಟ್ಟಿನಲ್ಲಿ ಇರುವುದು ಸುಮಾರು ಒಂದು ಗಂಟೆ. ಉಳಿದ ಸಮಯ ಎಲ್ಲಿ ಹೋಯಿತು?

ಟಿಕೆಟ್ಟಿನ ಗಡಿಯಾರ ಶುರುವಾಗುವುದು ವಿಮಾನ ನೆಲ ಬಿಟ್ಟಾಗಲ್ಲ, ನಿಂತ ಜಾಗದಿಂದ ಕದಲಿದಾಗ. ರನ್‌ವೇ ತಲುಪಿ ಸರದಿ ಕಾಯುವುದರಲ್ಲೇ ಒಂದಷ್ಟು ನಿಮಿಷ ಸರಿಯುತ್ತದೆ. ಹಾರಿದ ಮೇಲೂ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 460 ಕಿ.ಮೀ. ವೇಗ ಮೀರುವಂತಿಲ್ಲ. ಇಷ್ಟು ಚಿಕ್ಕ ದಾರಿಯಲ್ಲಿ ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ ಆರಂಭ! ಕಡೆಗೆ ರನ್‌ವೇಯ ದಿಕ್ಕಿಗೆ ಸರಿಯಾಗಿ ತಿರುಗಿ ನಿಲ್ಲಲು ಬಳಸುದಾರಿ. ಪೂರ್ಣ ವೇಗದಲ್ಲಿ ಓಡುವುದು ಕೆಲವೇ ನಿಮಿಷ.

ಕಿಟಕಿಯ ಪಕ್ಕ ಕುಳಿತವರಿಗೆ ಮಾತ್ರ ಆ ಗಂಟೆ ಸಾಲದು. ಸಮುದ್ರಮಟ್ಟಕ್ಕಿಂತ ಸುಮಾರು 915 ಮೀಟರ್ ಎತ್ತರದ ದೇವನಹಳ್ಳಿಯಿಂದ ಹೊರಟು ಬಯಲು, ಕೆರೆಗಳು, ಕಾಫಿ ಸೀಮೆ ದಾಟಿದರೆ ದಿಢೀರನೆ ಕಡಿದ ಘಟ್ಟ. ಆಮೇಲೆ ತೆಂಗು, ಕೆಂಪು ಮುರಕಲ್ಲಿನ ಗುಡ್ಡ, ಫಲ್ಗುಣಿ ನದಿ, ಕಡಲು. ಗುಡ್ಡದ ನೆತ್ತಿಯ ಮೇಲೆ ಬಜ್ಪೆ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ಊರಿದು. ಈಗಿನ ದೊಡ್ಡ ರನ್‌ವೇಯ ಉದ್ದ ಸುಮಾರು 2,450 ಮೀಟರ್. ಅದರ ಅಂಚಿನಾಚೆ ಕಣಿವೆ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಈ ರನ್‌ವೇ ಮೀರಿ ಕಣಿವೆಗೆ ಬಿತ್ತು. 166 ಮಂದಿಯಲ್ಲಿ 158 ಜನ ಸತ್ತರು, 8 ಮಂದಿ ಉಳಿದರು. ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿ ಬಂದು, ಅರ್ಧಕ್ಕಿಂತ ಹೆಚ್ಚು ರನ್‌ವೇ ಹಿಂದೆ ಬಿಟ್ಟು ನೆಲ ಮುಟ್ಟಿತ್ತು. ಇಳಿಯುವುದನ್ನು ಬಿಟ್ಟು ಮತ್ತೊಂದು ಸುತ್ತು ಹೋಗೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರೆಂದು ತನಿಖೆ ತಿಳಿಸಿತು. ಮತ್ತೊಂದು ಸುತ್ತಿಗೆ ಬೇಕಾಗುತ್ತಿದ್ದುದು ಹತ್ತು-ಹದಿನೈದು ನಿಮಿಷ, ಅಷ್ಟೆ.

ಕೂಳೂರಿನ ಬಳಿ ಫಲ್ಗುಣಿಯ ದಡದಲ್ಲಿ ಅವರ ನೆನಪಿಗೆ ಒಂದು ಉದ್ಯಾನವಿದೆ. ಮಂಗಳೂರಿಗೆ ಹೋಗುವ ವಿದ್ಯಾರ್ಥಿಗಳು ಕಡಲತೀರದ ಜೊತೆಗೆ ಅದನ್ನೂ ನೋಡಿ ಬರಬೇಕು. ಮಳೆಗಾಲದ ಮೋಡದಲ್ಲಿ ವಿಮಾನ ಬಜ್ಪೆಯ ಮೇಲೆ ಇನ್ನೊಂದು ಸುತ್ತು ಹಾಕಿದಾಗ, ಕೆಳಗೆ ಕಾಯುವ ತಂದೆತಾಯಿ ಕೈಗಡಿಯಾರ ನೋಡಿ ಬೇಸರಿಸಬೇಕಿಲ್ಲ. ಪುಸ್ತಕದ ಲೆಕ್ಕದಲ್ಲಿ ಬರುವುದು ದೂರ ಮತ್ತು ವೇಗ ಮಾತ್ರ. ಮಕ್ಕಳು ಕ್ಷೇಮವಾಗಿ ಮನೆ ಸೇರಲು ಬೇಕಾದ ನಿಮಿಷಗಳನ್ನೂ ಕೂಡಿದಾಗಲೇ ಉತ್ತರ ಸರಿ.