ಸೀರೆ ಉಟ್ಟಾಗ ಬಂದ ಹೆಸರು

ಮೊನ್ನೆ ಆಫೀಸಿನಲ್ಲಿ ಊಟಕ್ಕೆ ಕೂತಿದ್ದಾಗ ಗೆಳೆಯನೊಬ್ಬ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಪಿಯಾನೋ ಮುಂದೆ ಕೂತು ಬ್ಲೂಸ್ ಹಾಡ್ತಿದ್ದ ಆಸಾಮಿಯನ್ನ ಎಲ್ಲೋ ನೋಡಿದೀನಲ್ಲಾ ಅನ್ನಿಸ್ತು. "ಗುರುತು ಸಿಗ್ಲಿಲ್ವಾ? ಹೌಸ್ ಡಾಕ್ಟ್ರು ಕಣೋ" ಅಂದ. ಅರೆ, ಹ್ಯೂ ಲಾರಿ! 2004ರಿಂದ 2012ರವರೆಗೆ ಬಂದ ಆ ಸೀರಿಯಲ್ಲಿನ, ಕುಂಟುತ್ತಾ ನಡೆಯೋ ಸಿಡುಕು ಡಾಕ್ಟರು. ಅದಕ್ಕೂ ಎಷ್ಟೋ ಮುಂಚೆ ಇಂಗ್ಲೆಂಡಿನ ಟೀವಿಯಲ್ಲಿ ಸ್ಟೀಫನ್ ಫ್ರೈ ಜೊತೆ ಹಾಸ್ಯದ ಕಾರ್ಯಕ್ರಮ ಮಾಡ್ತಿದ್ದಾಗಲೇ ಈತ ತಾನೇ ಹಾಡು ಕಟ್ಟಿ, ತಾನೇ ಬಾರಿಸಿ ಹಾಡ್ತಿದ್ದ. 2011ರಲ್ಲಿ ಮೊದಲ ಆಲ್ಬಮ್ಮು, 2013ರಲ್ಲಿ ಇನ್ನೊಂದು.

ಪಕ್ಕದಲ್ಲಿ ಮೊಸರನ್ನ ಕಲಸ್ತಿದ್ದ ಇನ್ನೊಬ್ಬ ತಲೆ ಎತ್ತದೇ ಹೇಳಿದ: "ನಟ ಅಂದ್ರೆ ನಟನೆ ಮಾಡ್ಕೊಂಡಿರ್ಬೇಕಪ್ಪ. ಹಾಡೋಕೆ ಹಾಡೋರಿದ್ದಾರೆ."

ಅವನೇನೋ ಸುಮ್ಮನೆ ಅಂದ. ನನಗೆ ಮಾತ್ರ ಆಮೇಲೆ ಊಟ ಸೇರಲಿಲ್ಲ. ಯಾಕಂದ್ರೆ ಇದೇ ಮಾತನ್ನ ತಿರುಗಿಸಿ, ಇನ್ನೂ ಖಾರವಾಗಿ ನಮ್ಮ ದೊಡ್ಡಪ್ಪ ನನಗೆ ಹೇಳಿದ್ದರು. ನಾನು ಹದಿನಾಲ್ಕರ ಹುಡುಗ. ಊರ ಜಾತ್ರೆ ನಾಟಕದಲ್ಲಿ ಒಂದು ಸಣ್ಣ ಪಾರ್ಟು ಸಿಕ್ಕಿತ್ತು. ಓಡಿ ಬಂದು ಹೇಳಿದರೆ ದೊಡ್ಡಪ್ಪ ಪೇಟಿಯ ತಿದಿ ಮುಚ್ಚಿ, "ತಮ್ಮಾ, ಬಣ್ಣಾ ಹಚ್ಚಿದ ಬಾಯಾಗ ಸಾ ಹತ್ತೂದಿಲ್ಲ. ನಾಟಕರೆ ಮಾಡು, ಹಾಡರೆ ಕಲಿ. ಎರಡ್ರಾಗ ಒಂದ ಆರಸ್ಕೊ" ಅಂದುಬಿಟ್ಟರು. (ಪೇಟಿ ಅಂದ್ರೆ ಹಾರ್ಮೋನಿಯಂ. ಬೆಂಗಳೂರು ಕಡೆಯವರು ಬೇರೇನೋ ಅಂದ್ಕೋಬೇಡಿ :-) )

ಪಾರ್ಟು ಬಿಟ್ಟೆ. ಆಮೇಲೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೇರಿದ ಮೇಲೆ ಹಾಡನ್ನೂ ಬಿಟ್ಟೆ. ಎರಡರಲ್ಲಿ ಒಂದು ಆರಿಸಿಕೋ ಅಂದಿದ್ದರು, ನಾನು ಮೂರನೇದ್ದು ಆರಿಸಿಕೊಂಡೆ.

ನಮ್ಮದು ಕುಂದಗೋಳ ತಾಲೂಕಿನ ಒಂದು ಹಳ್ಳಿ. ಎರೆ ಭೂಮಿ, ಹತ್ತಿ, ಮೆಣಸಿನಕಾಯಿ. ಮಳೆ ಬಂದರೆ ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳೋ ಊರು. ನಮ್ಮ ದೊಡ್ಡಪ್ಪ ಒಕ್ಕಲುತನ ಮಾಡುತ್ತಾ, ಭಜನೆಗೆ ಪೇಟಿ ಬಾರಿಸುತ್ತಾ ಇದ್ದವರು. ಅವರ ಪಡಸಾಲೆಯಲ್ಲಿ ದೇವರ ಫೋಟೋಗಳ ಸಾಲಿನಲ್ಲೇ ಒಂದು ಸವಾಯಿ ಗಂಧರ್ವರ ಫೋಟೋ. ದಿನಾ ಊದಿನಕಡ್ಡಿ ಬೆಳಗೋವಾಗ ಆ ಫೋಟೋಕ್ಕೂ ಒಂದು ಸುತ್ತು. ಚಿಕ್ಕವನಿದ್ದಾಗ ಅವರೂ ಒಬ್ಬ ಶರಣರೋ ಸ್ವಾಮಿಗಳೋ ಇರಬೇಕು ಅಂದುಕೊಂಡಿದ್ದೆ.

ಗೊತ್ತಿಲ್ಲದವರಿಗೆ ಎರಡು ಮಾತು. 1886ರ ಜನವರಿ 19ರಂದು ಹುಟ್ಟಿದ ಇವರ ನಿಜವಾದ ಹೆಸರು ರಾಮಚಂದ್ರ ಗಣೇಶ ಸೌಂಶಿ. ಸೌಂಶಿ ನಮ್ಮ ತಾಲೂಕಿನದೇ ಊರು. ಮನೆ ಕುಂದಗೋಳದಲ್ಲಿ ಇದ್ದದ್ದರಿಂದ ಹೊರಗಿನವರಿಗೆ ರಾಮಭಾವೂ ಕುಂದಗೋಳಕರ. ಅಬ್ದುಲ್ ಕರೀಂ ಖಾನರು ಕುಂದಗೋಳದ ನಾಡಿಗೇರ ವಾಡೆಗೆ ಬರುತ್ತಿದ್ದರು. ಉತ್ತರ ಪ್ರದೇಶದ ಕೈರಾನಾದಿಂದ ಬಂದು ಮೀರಜದಲ್ಲಿ ನೆಲೆ ನಿಂತ ಖಾನಸಾಹೇಬರ ಹಿಂದೆ ಈ ಹುಡುಗ ಗಂಡಾ ಕಟ್ಟಿಸಿಕೊಂಡು ಹೊರಟ, ವರ್ಷಗಟ್ಟಲೆ ಕಲಿತ. ಅವನದು ಹುಟ್ಟಿನಿಂದ ಬಂದ ಸವಿ ಕಂಠ ಏನೂ ಅಲ್ಲ. ತಿಕ್ಕಿ ತಿಕ್ಕಿ ಹದ ಮಾಡಿದ ಕಂಠ. ಮುಂದೆ ದೊಡ್ಡ ಗವಾಯಿ ಆದ ಮೇಲೂ ಕಚೇರಿಯಲ್ಲಿ ಅವರ ದನಿ ಕಾಯೋದಕ್ಕೆ ಒಂದಿಷ್ಟು ಹೊತ್ತು ಬೇಕಾಗ್ತಿತ್ತು, ಕಾದ ಮೇಲೆ ಯಾರ ಕೈಗೂ ಸಿಗ್ತಿರಲಿಲ್ಲ ಅಂತ ಹೇಳ್ತಾರೆ.

ಇಷ್ಟು ನಮ್ಮ ಕಡೆ ಸಾಕಷ್ಟು ಜನರಿಗೆ ಗೊತ್ತು. ಆಮೇಲಿಂದು ಎಲ್ಲರಿಗೂ ಗೊತ್ತಿದೆ, ಎಲ್ಲರೂ ಬೇಗ ಬೇಗ ದಾಟಿಬಿಡ್ತಾರೆ. ಕಲಿತು ಮುಗಿಸಿದ ರಾಮಭಾವೂ ಸೀದಾ ಹೋಗಿ ಸೇರಿದ್ದು ಮರಾಠಿ ನಾಟಕ ಕಂಪನಿ. ನಾಟ್ಯಕಲಾ ಪ್ರವರ್ತಕ ಮಂಡಳಿ. ಗುರುಗಳಿಗೆ ಇದು ಸುತಾರಾಂ ಇಷ್ಟ ಇರಲಿಲ್ಲ. ಖಯಾಲು ಹಾಡೋ ಗಂಟಲನ್ನ ನಾಟಕದ ಪದಕ್ಕೆ ಸುರೀತಾನಲ್ಲಾ ಅಂತ. ಆದರೂ ಹೋದರು. ಹೆಣ್ಣು ಪಾತ್ರ ಮಾಡಿದರು. 'ಸೌಭದ್ರ'ದಲ್ಲಿ ಸುಭದ್ರೆ ಆದರು. ಒಂದು ತಮಾಷೆ ನೋಡಿ, 1882ರಲ್ಲಿ ರಂಗಕ್ಕೆ ಬಂದ ಆ ಮರಾಠಿ ನಾಟಕವನ್ನ ಬರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಗಡಿ ಅನ್ನೋದು ನಕಾಶೆಯಲ್ಲಿ ಇರುವಷ್ಟು ಗಟ್ಟಿಯಾಗಿ ಹಾಡಿನಲ್ಲಿ ಇರೋದಿಲ್ಲ.

ಮೈಕು ಇಲ್ಲದ ಕಾಲ. ಕಟ್ಟಕಡೆಯ ಸಾಲಿನವನಿಗೂ ಮಾತು ಕೇಳಬೇಕು, ಹಾಡಿನ ಭಾವವೂ ಮುಟ್ಟಬೇಕು. ಕಿರಾಣಾ ಘರಾನೆಯವರು ಒಂದೊಂದೇ ಸ್ವರವನ್ನ ಮಗುವಿನ ಕೈ ಹಿಡಿದು ನಡೆಸಿದ ಹಾಗೆ ನಿಧಾನಕ್ಕೆ ಬೆಳೆಸೋರು. ನಾಟಕದಲ್ಲಿ ಅಷ್ಟು ಪುರಸೊತ್ತಿಲ್ಲ. ಕೆಲವೇ ನಿಮಿಷದಲ್ಲಿ ರಾಗದ ಮುಖ ಕಾಣಿಸಬೇಕು. ಜನ ಮೆಚ್ಚಿದರೆ 'ವನ್ಸ್ ಮೋರ್' ಅಂತ ಕೂಗ್ತಾರೆ, ಅದನ್ನೇ ಮತ್ತೆ, ಮತ್ತೆ ಹೊಸದಾಗಿ ಹಾಡಬೇಕು. ಅವರ ಹಳೇ 78 ತಿರುಗಣಿಯ ರೆಕಾರ್ಡುಗಳು ಈಗ ಯೂಟ್ಯೂಬಿನಲ್ಲಿ ಸಿಗ್ತವೆ. ಶಂಕರಾ ರಾಗದ್ದನ್ನ ಕೇಳಿ. ಮೂರು ಚಿಲ್ಲರೆ ನಿಮಿಷದಲ್ಲಿ ಒಂದು ಇಡೀ ರಾಗ ಎದ್ದು ನಿಲ್ಲುತ್ತೆ. ಆ ಗಟ್ಟಿತನ ಬರೀ ಗುರುವಿನ ಮನೆಯಲ್ಲಿ ಬಂದದ್ದು ಅಂತ ನನಗಂತೂ ಅನ್ನಿಸೋದಿಲ್ಲ.

ಇನ್ನು ಹೆಸರು. ಆಗ ನಾರಾಯಣರಾವ್ ರಾಜಹಂಸ ಅನ್ನೋರು ಹೆಣ್ಣು ಪಾತ್ರದಲ್ಲಿ ಮಹಾರಾಷ್ಟ್ರವನ್ನೇ ಹುಚ್ಚು ಹಿಡಿಸಿದ್ದರು, ಅವರು ಬಾಲ ಗಂಧರ್ವ. ನಮ್ಮ ರಾಮಭಾವೂಗೆ ನಾಟಕದ ಮಂದಿ ಕೊಟ್ಟದ್ದು ಸವಾಯಿ ಗಂಧರ್ವ. ಸವಾಯಿ ಅಂದ್ರೆ ಒಂದೂಕಾಲು. ನಮ್ಮ ಸಂತೆಯಲ್ಲಿ ಸವ್ವಾ ಕಿಲೋ ಅಂತೀವಲ್ಲ, ಅದೇ. ಗಂಧರ್ವನಿಗಿಂತ ಒಂದು ಕಾಲುಪಾಲು ಹೆಚ್ಚು!

ಇರಲಿ, ಈಗ ನನ್ನ ಕಥೆಗೆ ಬರ್ತೀನಿ.

ಬೆಂಗಳೂರಿಗೆ ಬಂದ ಮೇಲೆ ಒಂದು ಹವ್ಯಾಸಿ ನಾಟಕ ತಂಡದ ಪರಿಚಯ ಆಯ್ತು. ಮೊದಮೊದಲು ಕುರ್ಚಿ ಎತ್ತಿಡೋದು, ಆಮೇಲೆ ಕೀಬೋರ್ಡ್ ಬಾರಿಸೋದು, ಆಮೇಲೆ ನಾನೇ ರಾಗ ಹಾಕೋದು. ಹಗಲು ಕೋಡು, ರಾತ್ರಿ ಹಾಡು. ಅಲ್ಲಿ ನೋಡಿದ ಒಬ್ಬರು ಒಂದು ಸೀರಿಯಲ್ಲಿಗೆ ಕರೆದರು. ಪಾತ್ರ ಏನು ಅಂತೀರಾ? ಉತ್ತರ ಕರ್ನಾಟಕದ ಭಾಷೆ ಮಾತಾಡೋ ವಾಚ್‌ಮನ್. ನಮ್ಮ ಭಾಷೆ ಅಂದರೆ ಇಲ್ಲಿನ ಟೀವಿಯವರಿಗೆ ನಗೋದಕ್ಕೆ ಇರೋ ವಸ್ತು, ಗೊತ್ತಲ್ಲ. ಬೇಜಾರಾದರೂ ಹೋದೆ. ಎರಡೇ ಎಪಿಸೋಡು. ಊರಲ್ಲಿ ಯಾರೂ ನೋಡಲಿಕ್ಕಿಲ್ಲ ಅಂದುಕೊಂಡಿದ್ದೆ.

ಊರಿಗೆ ಊರೇ ನೋಡಿತ್ತು.

ಅವ್ವನಿಗೆ ಖುಷಿಯೋ ಖುಷಿ. ದೊಡ್ಡಪ್ಪ ಮಾತ್ರ ಫೋನಿಗೆ ಬರಲೇ ಇಲ್ಲ. ಒಂದು ವಾರ, ಎರಡು ವಾರ, ಎರಡು ತಿಂಗಳು. "ಅಡವಿಗೆ ಹೋಗ್ಯಾರ", "ಮಕ್ಕೊಂಡಾರ", "ಭಜನಿಗೆ ಹೋಗ್ಯಾರ". ಕೊನೆಗೆ ಒಂದು ದಿನ ನನಗೂ ಸಿಟ್ಟು ಬಂತು. "ಅವರದೇನು ಗಂಟು ಹೋಗೂದೈತಿ ಬೇ, ನಾ ಏನ್ ಕಳವು ಮಾಡೇನೇನು?" ಅಂತ ಅವ್ವನ ಮೇಲೆ ಹರಿಹಾಯ್ದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು. ದೊಡ್ಡಪ್ಪ ಹದಿನೇಳು ಹದಿನೆಂಟರ ಹುಡುಗ ಇದ್ದಾಗ ಊರಿನ ಪಾರಿಜಾತದಲ್ಲಿ ಸತ್ಯಭಾಮೆ ಆಗ್ತಿದ್ದರಂತೆ. ಶ್ರೀಕೃಷ್ಣ ಪಾರಿಜಾತ ಅಂದರೆ ನಮ್ಮ ಕಡೆ ರಾತ್ರಿ ಬೆಳತನಕ ನಡೆಯೋ ಆಟ. ಭಾಮೆ ಹಾಡಲಿಕ್ಕೆ ನಿಂತರೆ ಹಿಂದಿನ ಊರಿನ ಮಂದಿ ಚಕ್ಕಡಿ ಕಟ್ಟಿಕೊಂಡು ಬರೋರಂತೆ. ಹಗಲು ಮಾತ್ರ ಅದೇ ಮಂದಿ ಓಣಿಯಲ್ಲಿ "ಭಾಮಿ ಬಂದ್ಳು, ಸರೀರಪೋ" ಅಂತ ಕಾಡೋರು. ಮಾತು ನಿಕ್ಕಿ ಆಗಿದ್ದ ಒಂದು ಸಂಬಂಧ, "ಸೀರಿ ಉಡಾಂವಗ ಮಗಳ್ನ ಕೊಡೂದಿಲ್ಲ" ಅಂತ ಮುರಿದು ಹೋಯ್ತಂತೆ. ಅವತ್ತೇ ದೊಡ್ಡಪ್ಪ ಗೆಜ್ಜೆ ಬಿಚ್ಚಿಟ್ಟು ಪೇಟಿ ಹಿಡಿದರು. ಹೆಂಗಸಾಗಿ ಹಾಡಿದ ಆ ಗಂಟಲನ್ನ ಮತ್ತೆ ಯಾರಿಗೂ ಕೇಳಿಸಲಿಲ್ಲ.

ಐವತ್ತು ವರ್ಷ! ನಮ್ಮ ಮನೆಯಲ್ಲಿ ನನಗೊಬ್ಬನಿಗೆ ಅಲ್ಲ, ಅವರ ಸ್ವಂತ ಮಕ್ಕಳಿಗೂ ಇದು ಗೊತ್ತಿರಲಿಲ್ಲ. ಬಣ್ಣದ ಬಾಯಿಗೆ 'ಸಾ' ಹತ್ತೋದಿಲ್ಲ ಅನ್ನೋದು ಸಂಗೀತದ ಮಾತೇ ಅಲ್ಲ. ಅದು ಅವರ ಗಾಯದ ಮಾತು.

ಕಳೆದ ವರ್ಷ ಸವಾಯಿ ಗಂಧರ್ವರ ಪುಣ್ಯತಿಥಿಯ ನೆನಪಿನ ಅಹೋರಾತ್ರಿ ಸಂಗೀತಕ್ಕೆ ರಜೆ ಹಾಕಿ ಊರಿಗೆ ಹೋದೆ. ದೊಡ್ಡಪ್ಪ ತಪ್ಪಿಸದ ಒಂದೇ ಹಬ್ಬ ಅದು. ಮಾತಾಡದಿದ್ದರೂ ಬೈಕಿನ ಹಿಂದೆ ಕೂತರು. ಅದೇ ನಾಡಿಗೇರ ವಾಡೆ. ಕಂಬಕ್ಕೆ ಒರಗಿ ಕೂತು ಕೇಳ್ತಿದ್ದೆವು. ಈ ಊರಿಗೆ ಏನೆಲ್ಲಾ ಬಂದು ಹೋಗಿದೆ! ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡು ಹೋಗ್ತಿದ್ದರು. ಒಂದೇ ಪಲುಕನ್ನ ದಿನಗಟ್ಟಲೆ ತಿದ್ದುತ್ತಿದ್ದ ಗುರು ಇವರು. ಮನೆ ಬಿಟ್ಟು ಓಡಿ ಹೋಗಿ ಉತ್ತರದಲ್ಲೆಲ್ಲಾ ಗುರುವಿಗಾಗಿ ಅಲೆದಿದ್ದ ಭೀಮಸೇನ ಜೋಶಿಗೆ ಕೊನೆಗೆ ಗುರು ಸಿಕ್ಕಿದ್ದು ಇಲ್ಲೇ. ಇಲ್ಲಿ ನೀರು ಹೊತ್ತು ಕಲಿತರು. ಮುಂಬೈನ ಫಿರೋಜ್ ದಸ್ತೂರರದ್ದಂತೂ ನನಗೆ ಬಹಳ ಇಷ್ಟವಾದ ಕಥೆ. 1933ರ 'ಲಾಲ್-ಎ-ಯಮನ್' ಅನ್ನೋ ವಾಡಿಯಾ ಮೂವಿಟೋನ್ ಟಾಕಿಯಲ್ಲಿ ಹಾಡಿ ನಟಿಸಿದ ಹುಡುಗ ಆತ. ಅಂದರೆ ಪರದೆಯ ಹುಡುಗನೊಬ್ಬ ಗುರು ಅಂತ ಹಿಡಿದದ್ದು ರಂಗದ ಈ ಹಳೇ ಸುಭದ್ರೆಯನ್ನ. ಟಾಕಿಗಳು ಬಂದು ನಾಟಕ ಕಂಪನಿಗಳು ಒಂದೊಂದೇ ಮುಳುಗಿದ ಕಾಲ ಅದು. ಬಣ್ಣ ತೊಳೆದುಕೊಂಡ ರಾಮಭಾವೂ ಕಚೇರಿ ಮಾಡಿದರು, ಕಲಿಸಿದರು. 1942ರಲ್ಲಿ ಲಕ್ವಾ ಹೊಡೆಯಿತು. 1952ರ ಸೆಪ್ಟೆಂಬರ್ 12ಕ್ಕೆ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಭೀಮಸೇನರು ಅಲ್ಲಿ ಗುರುವಿನ ಹೆಸರಲ್ಲಿ ಉತ್ಸವ ಶುರು ಮಾಡಿದರು, ಇವತ್ತಿಗೂ ನಡೀತಿದೆ.

ರಾತ್ರಿ ಎರಡರ ಸುಮಾರಿಗೆ ಚಹಾ ಕುಡಿಯಲಿಕ್ಕೆ ಹೊರಗೆ ಬಂದೆವು. ಧೈರ್ಯ ಮಾಡಿ ಕೇಳಿಯೇ ಬಿಟ್ಟೆ.

"ದೊಡ್ಡಪ್ಪಾ, ಪುಣೆದಾಗ ಅಷ್ಟ ದೊಡ್ಡ ಉತ್ಸವಕ್ಕ, ಹುಬ್ಬಳ್ಳ್ಯಾಗ ಅಷ್ಟ ದೊಡ್ಡ ಹಾಲಿಗೆ ಇಟ್ಟ ಹೆಸರು ಐತೆಲ್ಲಾ... ಸವಾಯಿ ಗಂಧರ್ವ... ಅದು ಅವರಿಗೆ ಖಯಾಲು ಹಾಡಿದಾಗ ಬಂದದ್ದಲ್ಲ. ನಾಟಕದಾಗ ಸೀರಿ ಉಟ್ಟು ನಿಂತಾಗ ಬಂದದ್ದು. ನೀವು ದಿನಾ ಊದಿನಕಡ್ಡಿ ಬೆಳಗೂದು ಆ ಹೆಸರಿಗೆ."

ಅವರು ಕಪ್ಪು ಕೆಳಗಿಟ್ಟರು. ನನಗೆ ಎಲ್ಲಾ ಗೊತ್ತಾಗಿದೆ ಅಂತ ಅವರಿಗೆ ಗೊತ್ತಾಯ್ತು. ಬೈತಾರೆ ಅಂದುಕೊಂಡೆ.

"ನನಗ ಗೊತ್ತಿಲ್ಲೇನಪಾ ಅದು" ಅಂದರು ಮೆಲ್ಲಗೆ. "ಅದಕ್ಕ ಆ ಫೋಟೋ ಇಟ್ಟೇನಿ. ಅವರಿಗೆ ಸೀರಿ ಉಟ್ಟಾಗ ಗಂಧರ್ವ ಅಂದ್ರು. ನನಗ ಭಾಮಿ ಅಂದ್ರು. ಅಷ್ಟ ಫರಕ."

ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡ ವಾದ ಗೆಲ್ಲಲಿಕ್ಕೆ ಹೋದವನಿಗೆ ಆ ಒಂದು ಮಾತಿಗೆ ಬಾಯಿ ಕಟ್ಟಿತು. ನಟನೆ ಮೇಲೋ ಹಾಡು ಮೇಲೋ, ಎರಡು ದೋಣಿಯಲ್ಲಿ ಕಾಲಿಡಬಹುದೋ ಬಾರದೋ ಅಂತ ನಾನು ಲೆಕ್ಕ ಹಾಕ್ತಿದ್ದೆ. ಅವರದು ಆ ಲೆಕ್ಕವೇ ಅಲ್ಲ. ನೋಡೋ ಮಂದಿ ಏನಂತ ಕೂಗ್ತಾರೆ ಅನ್ನೋದರ ಮೇಲೆ ಒಬ್ಬನ ಕಲೆ ಉತ್ಸವ ಆಗುತ್ತೆ, ಇನ್ನೊಬ್ಬನದು ಐವತ್ತು ವರ್ಷ ಪೆಟ್ಟಿಗೆ ಸೇರುತ್ತೆ. ವಾಚ್‌ಮನ್ ಪಾತ್ರದಲ್ಲಿ ನನ್ನ ಭಾಷೆಗೆ ಮಂದಿ ನಗೋದನ್ನ ಟೀವಿಯಲ್ಲಿ ನೋಡಿದಾಗ ಅವರಿಗೆ ಆ ಓಣಿ ನೆನಪಾಗಿರಬೇಕು. ಸಿಟ್ಟು ನನ್ನ ಮೇಲೆ ಅಲ್ಲ, ನನ್ನನ್ನೂ ಕಾಡ್ತಾರೆ ಅನ್ನೋ ಹೆದರಿಕೆ.

ಮತ್ತೆ ಒಳಗೆ ಹೋಗಿ ಕೂತೆವು. ಬೆಳಗಿನ ಜಾವದ ರಾಗ ಶುರುವಾಗಿತ್ತು.

ಆಮೇಲೇನೂ ಸಿನಿಮಾದ ಹಾಗೆ ಆಗಲಿಲ್ಲ. ದೊಡ್ಡಪ್ಪ ಈಗ ಫೋನಿಗೆ ಬರ್ತಾರೆ, ಅಷ್ಟೇ. ನಮ್ಮ ತಂಡದ ಮುಂದಿನ ನಾಟಕಕ್ಕೆ ಒಂದು ಹೆಣ್ಣಿನ ಹಾಡಿತ್ತು. ಎಷ್ಟು ತಿದ್ದಿದರೂ ಕೂಡ್ತಿರಲಿಲ್ಲ. ಒಂದು ರಾತ್ರಿ ಫೋನಿನಲ್ಲೇ ಅವರಿಗೆ ಹಾಡಿ ಕೇಳಿಸಿದೆ. "ಭಾಳ ಬಿಗಿ ಆಗೇತಿ. ಆಕಿ ಸಿಟ್ಟಿಗೆದ್ದಾಳ ಖರೆ, ಒಳಗ ಅಳಾಕತ್ಯಾಳ. ಸಡ್ಲ ಬಿಡು" ಅಂದರು. ನಾನು ಮತ್ತೆ ಹಾಡಿದೆ. "ಊಂಹೂಂ." ಇನ್ನೊಂದು ಸಲ. "ಅಲ್ಲೋ..." ಅಂದವರೇ ಸುಮ್ಮನಾದರು. ಲೈನು ಕಟ್ಟಾಯ್ತೇನೋ ಅಂದುಕೊಂಡೆ. ಆ ಕಡೆ ಪಡಸಾಲೆಯ ಬಾಗಿಲು ಹಾಕಿದ ಸಪ್ಪಳ ಕೇಳಿಸ್ತು. ಆಮೇಲೆ ಎಪ್ಪತ್ತು ದಾಟಿದ ಒಂದು ನಡುಗೋ ಗಂಟಲು ಸತ್ಯಭಾಮೆಯಾಗಿ ಒಂದೇ ಒಂದು ಸಾಲು ಹಾಡಿತು.

ಆ ತಿರುವನ್ನ ಹಾಗೇ ತಗೊಂಡಿದೀನಿ. ಕರಪತ್ರದಲ್ಲಿ ಸಂಗೀತ ಅಂತ ನನ್ನ ಹೆಸರೊಂದೇ ಇದೆ, ಅದು ಚುಚ್ಚುತ್ತೆ. ನಿಮ್ಮ ಹೆಸರೂ ಹಾಕಿಸ್ತೀನಿ ಅಂದಿದ್ದೆ. "ನನ್ನ ಹೆಸರ ಎಲ್ಲೂ ಹಾಕಬ್ಯಾಡ ಮತ್ತ" ಅಂದರು.

ಇಲ್ಲೂ ಹಾಕಿಲ್ಲ, ನೋಡಿ.