ಕಲ್ಮಲದ ಕವಲುದಾರಿ

ರಾಯಚೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ರಸ್ತೆಯು ಕಲ್ಮಲದಲ್ಲಿ ಕವಲೊಡೆಯುತ್ತದೆ. ಒಂದು ಮಾನ್ವಿಯತ್ತ, ಇನ್ನೊಂದು ದೇವದುರ್ಗ, ಲಿಂಗಸುಗೂರುಗಳತ್ತ. ಸೆಮಿಸ್ಟರ್ ಆರಂಭದ ಬೆಳಗುಗಳಲ್ಲಿ ಇಲ್ಲಿ ನಿಲ್ಲುವ ಬಸ್ಸಿನೊಳಗೆ ಕಾಲಿಡಲು ತೆರಪಿರುವುದಿಲ್ಲ. 2023ರ ಜೂನ್‌ನಿಂದ ಸ್ತ್ರೀಯರಿಗೆ ಪ್ರಯಾಣ ಉಚಿತವಾದ್ದರಿಂದ ಪುಸ್ತಕ ಹಿಡಿದ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆಯಿಲ್ಲ. ಕೂರಲು ಎಡೆ ಸಿಕ್ಕೀತೆ ಎಂಬುದೊಂದೇ ಚಿಂತೆ.

ಹಿಂದೆ ಈ ಸೀಮೆಯ ಕಾಲೇಜುಗಳು 1980ರಲ್ಲಿ ಸ್ಥಾಪಿತವಾದ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಿದರೂ ನೂರು ಕಿಲೋಮೀಟರಿಗೂ ಮೀರಿದ ದಾರಿಯನ್ನು ಸವೆಸಬೇಕಿತ್ತು. ಈಗ ಮಂತ್ರಾಲಯದ ಹಾದಿಯ ಯರಗೇರಾದಲ್ಲಿ, ಅದರ ಸ್ನಾತಕೋತ್ತರ ಕೇಂದ್ರವಿದ್ದ ನೆಲದಲ್ಲಿಯೇ, ರಾಯಚೂರಿಗೆ ಸ್ವಂತ ವಿಶ್ವವಿದ್ಯಾಲಯವಿದೆ. ಅದಕ್ಕೆ ಮಹರ್ಷಿ ವಾಲ್ಮೀಕಿಯ ಹೆಸರು.

ವಿದ್ಯೆ ಹತ್ತಿರವಾದದ್ದೇನೋ ನಿಜ. ಅದರ ಕ್ರಮ ಮಾತ್ರ ಒಂದೆಡೆ ನಿಂತಿಲ್ಲ. ಪದವಿಗೆ ನಾಲ್ಕು ವರ್ಷವೆಂದು 2021ರಲ್ಲಿ ಸಾರಲಾಯಿತು, 2024ರಲ್ಲಿ ಮರಳಿ ಮೂರೇ ಎಂದಾಯಿತು. 2023ರಲ್ಲಿ ಸೇರಿದ ಅಕ್ಕನಿಗೊಂದು ಪಠ್ಯಕ್ರಮ, ಮರುವರ್ಷ ಸೇರಿದ ತಂಗಿಗೆ ಮತ್ತೊಂದು. ಒಬ್ಬಳ ಪುಸ್ತಕ ಇನ್ನೊಬ್ಬಳಿಗಾಗುವ ಬಡಮನೆಗಳ ಮಿತವ್ಯಯಕ್ಕೂ ಹೀಗೆ ಕುತ್ತು ಬಂದಿತು. ಇದನ್ನು ಸುಧಾರಣೆಯೆಂದು ಒಪ್ಪುವುದು ಕಷ್ಟವೇ ಸರಿ.

ಬಸ್ಸು ಹೊರಡುತ್ತದೆ. "ಯರಗೇರಾಕ್ಕ ಹೋಗೋರು ರಾಯಚೂರಾಗ ಇಳಿದು ಬ್ಯಾರೆ ಬಸ್ ಹತ್ರೀ" ಎಂದು ಕಂಡಕ್ಟರು ಕೂಗುತ್ತಾನೆ. ಹೊಸಬರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ.